ಎಕ್ಸ್‌ಪೋರ್ಟ್ ಮಾತುಕತೆ ನಿಂತಿರುವ ತೈಲ ಕಂಪನಿಯ ಷೇರು: ಇನ್ನಷ್ಟು ಕೊಂಡು ಆವರೇಜ್ ಮಾಡಲಾ?

ಗೊಬ್ಬರಕ್ಕೆ ಅಂತ ಎತ್ತಿಟ್ಟ ದುಡ್ಡನ್ನು ಮುಟ್ಟಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆ ಅಂತ ಆಮೇಲೆ.

ಸಿಂಧನೂರಿನಲ್ಲಿ ಭತ್ತ ಮಾರಿದ ದುಡ್ಡಲ್ಲಿ ಹೊರದೇಶದ ಒಂದು ಸಣ್ಣ ತೈಲ ಕಂಪನಿಯ ಷೇರು ತಗೊಂಡಿದ್ದೀರಿ. ಎಕ್ಸ್‌ಪೋರ್ಟ್ ಮಾತುಕತೆ ನಿಂತು ಎಂಟು ತಿಂಗಳಾಯ್ತು, ರೇಟು ಅರ್ಧಕ್ಕೆ ಬಂದಿದೆ. ಗೊಬ್ಬರದ ದುಡ್ಡು ಹಾಕಿ ಆವರೇಜ್ ಮಾಡಲಾ (ಅಂದ್ರೆ ಬಿದ್ದ ರೇಟಿಗೆ ಇನ್ನಷ್ಟು ಕೊಂಡು, ಕೊಂಡ ಸರಾಸರಿ ಬೆಲೆ ಇಳಿಸಲಾ), ಮಾತುಕತೆ ಯಾವಾಗ ಮುಗಿಯಬಹುದು ಅಂತ ಕೇಳಿದ್ದೀರಿ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಭತ್ತ ಒಂದು ಬಿಟ್ಟರೆ ಉಳಿದದ್ದೆಲ್ಲ ನನ್ನದೇ ಕಥೆ.

ನಾನು ಬಳ್ಳಾರಿಯವನು. ತೋರಣಗಲ್ಲು ಕಡೆ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ಕೆಲಸ. 2022ರಲ್ಲಿ ಬ್ಯಾಂಕಿನಲ್ಲಿ ಹೊರದೇಶಕ್ಕೆ ದುಡ್ಡು ಕಳಿಸುವ ಎ2 ಫಾರ್ಮ್ ತುಂಬಿ, ಅದಕ್ಕೆ ಅಂತಲೇ ಇರುವ ಆರ್‌ಬಿಐನ ಎಲ್‌ಆರ್‌ಎಸ್ ಯೋಜನೆಯ ದಾರಿಯಲ್ಲಿ ದುಡ್ಡು ಕಳಿಸಿ, ಒಬ್ಬ ವಿದೇಶಿ ಬ್ರೋಕರ್ ಹತ್ತಿರ ಅಕೌಂಟ್ ತೆರೆದೆ. ಲಂಡನ್ ಮಾರುಕಟ್ಟೆಯ ಒಂದು ತೈಲ ಕಂಪನಿ ಕಣ್ಣಿಗೆ ಬಿತ್ತು. ಅದರ ಬಾವಿಗಳು ಇರಾಕಿನ ಕುರ್ದಿಸ್ತಾನದಲ್ಲಿ, ಅಂದ್ರೆ ಕುರ್ದರದ್ದೇ ಪ್ರಾಂತೀಯ ಸರ್ಕಾರ ಇರುವ ಉತ್ತರ ಇರಾಕಿನಲ್ಲಿ. ಸಾಲ ಇರಲಿಲ್ಲ, ಡಿವಿಡೆಂಡ್ ಚೆನ್ನಾಗಿತ್ತು. 2023ರ ಫೆಬ್ರವರಿಯಲ್ಲಿ ಎರಡೂವರೆ ಲಕ್ಷ ಹಾಕಿದೆ. ಸಂಬಳದಲ್ಲಿ ಉಳಿಸಿದ ದುಡ್ಡು ಅದು. ಆ ಎರಡೂವರೆ ಲಕ್ಷದ ಬಗ್ಗೆ ನನಗೆ ಇವತ್ತಿಗೂ ಬೇಜಾರಿಲ್ಲ.

ಮಾರ್ಚ್ 25ಕ್ಕೆ ಪೈಪ್‌ಲೈನ್ ಬಂದ್ ಆಯ್ತು. ಉತ್ತರ ಇರಾಕಿನ ತೈಲವನ್ನು ಟರ್ಕಿಯ ಜೇಹಾನ್ ಬಂದರಿಗೆ ಒಯ್ಯುವ ಪೈಪ್‌ಲೈನ್. ಬಾಗ್ದಾದ್‌ನ ಇರಾಕ್ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಕುರ್ದರ ತೈಲ ಸಾಗಿಸಿದ್ದಕ್ಕೆ ಟರ್ಕಿ ಸುಮಾರು 150 ಕೋಟಿ ಡಾಲರ್ ಕೊಡಬೇಕು ಅಂತ ಪ್ಯಾರಿಸ್‌ನ ಮಧ್ಯಸ್ಥಿಕೆ ಕೋರ್ಟು ತೀರ್ಪು ಕೊಟ್ಟಿತ್ತು. ತೀರ್ಪು ಬಂದ ಮೇಲೆ ಟರ್ಕಿ ತೈಲ ತಗೊಳ್ಳುವುದನ್ನೇ ನಿಲ್ಲಿಸಿತು. ದಿನಕ್ಕೆ ಸುಮಾರು ನಾಲ್ಕೂವರೆ ಲಕ್ಷ ಬ್ಯಾರೆಲ್ ಹರಿಯುತ್ತಿದ್ದದ್ದು ನಿಂತೇಹೋಯ್ತು. ಷೇರು ಬಿತ್ತು.

ಏಪ್ರಿಲ್ 4ಕ್ಕೆ ಬಾಗ್ದಾದ್ ಮತ್ತು ಎರ್ಬಿಲ್ (ಕುರ್ದಿಸ್ತಾನದ ರಾಜಧಾನಿ) ತಾತ್ಕಾಲಿಕ ಒಪ್ಪಂದಕ್ಕೆ ಸಹಿ ಹಾಕಿದವು. ಮುಗೀತು, ಇನ್ನೊಂದು ವಾರ ಅಷ್ಟೇ ಅಂದುಕೊಂಡು ಮತ್ತೆ 1.20 ಲಕ್ಷ ಹಾಕಿದೆ. ಪೈಪ್‌ಲೈನ್ ತೆರೆಯಲಿಲ್ಲ. ಆ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ಆದ ಭೂಕಂಪದಲ್ಲಿ ಪೈಪಿಗೆ ಏನಾದರೂ ಆಗಿದೆಯಾ ನೋಡಬೇಕು ಅಂತ ಟರ್ಕಿ ಹೇಳಿತು. ಮೇ ಹೋಯ್ತು, ಆಗಸ್ಟ್ ಹೋಯ್ತು.

ಅಕ್ಟೋಬರ್ ಮೊದಲ ವಾರ ಟರ್ಕಿಯ ಇಂಧನ ಮಂತ್ರಿ, ಈ ವಾರವೇ ಪೈಪ್‌ಲೈನ್ ಚಾಲೂ ಮಾಡುತ್ತೇವೆ ಅಂದರು. ನಾನು ಆ ಸುದ್ದಿ ಓದಿದ್ದು ತೋರಣಗಲ್ಲಿನಿಂದ ವಾಪಸ್ ಬರುವ ಕಂಪನಿ ಬಸ್ಸಿನಲ್ಲಿ. ಮನೆಗೆ ಬಂದವನೇ ಕೈಕಾಲು ತೊಳೆಯದೆ ಮೊಬೈಲ್‌ನಲ್ಲಿ ಎಫ್‌ಡಿ ಮುರಿದೆ. 2.70 ಲಕ್ಷ. ಮರುದಿನ ಬ್ಯಾಂಕಿಗೆ ಹೋಗಿ ಕಳಿಸಿದೆ. ಆ ಎಫ್‌ಡಿ ತಂಗಿಯ ಮದುವೆಯದ್ದು. ಮದುವೆ 2024ರ ಫೆಬ್ರವರಿಗೆ ಅಂತ ಆಗಲೇ ಗೊತ್ತಾಗಿತ್ತು, ಕಲ್ಯಾಣ ಮಂಟಪಕ್ಕೆ ಅಡ್ವಾನ್ಸೂ ಕೊಟ್ಟಿದ್ದೆವು.

ನನ್ನ ತಪ್ಪು ಇದು. ಇದೊಂದೇ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ಯಾಕಂದ್ರೆ ಈ ಕಥೆ ಕೇಳಿದವರೆಲ್ಲ ಬೇರೆ ಪಾಠ ತಗೊಂಡು ಹೋಗುತ್ತಾರೆ. ನನ್ನ ಭಾವ ‘ವಿದೇಶಿ ಷೇರು ತಗೊಂಡಿದ್ದೇ ತಪ್ಪು’ ಅನ್ನುತ್ತಾರೆ. ಆಫೀಸಿನ ಗೆಳೆಯ ‘ಬೀಳುವ ಷೇರನ್ನು ಆವರೇಜ್ ಮಾಡಬಾರದಿತ್ತು’ ಅನ್ನುತ್ತಾನೆ. ಇಬ್ಬರ ಮಾತನ್ನೂ ನಾನು ಒಪ್ಪಲ್ಲ. ಕಂಪನಿ ಕೆಟ್ಟದಾಗಿರಲಿಲ್ಲ. ಸಂಬಳದ ದುಡ್ಡಲ್ಲಿ ಆವರೇಜ್ ಮಾಡಿದ್ದರೆ ಕಾಯಬಹುದಿತ್ತು. ನಾನು ಹಾಕಿದ ದುಡ್ಡಿನ ಮೇಲೆ ತಾರೀಕು ಬರೆದಿತ್ತು. ಜನವರಿಯಲ್ಲಿ ಮಂಟಪದ ಬಾಕಿ ಕಟ್ಟಬೇಕು, ಅಡುಗೆಯವರಿಗೆ ಕೊಡಬೇಕು, ಬಂಗಾರದ ಅಂಗಡಿಗೆ ಕೊಡಬೇಕು. ಆ ಕಡೆ ಪೈಪ್‌ಲೈನ್‌ಗೆ ತಾರೀಕೇ ಇರಲಿಲ್ಲ. ಬಾಗ್ದಾದ್, ಎರ್ಬಿಲ್, ಅಂಕಾರಾ, ಈ ಮೂವರಲ್ಲಿ ಯಾರಿಗೂ ನನ್ನ ಫೆಬ್ರವರಿಯ ಬಗ್ಗೆ ಗೊತ್ತಿರಲಿಲ್ಲ. ಸರ್ಕಾರಗಳಿಗೆ ನಷ್ಟ ಆಗುತ್ತಿತ್ತು, ನಿಜ. ಆದರೆ ಸರ್ಕಾರ ಎರಡು ವರ್ಷ ನಷ್ಟ ತಡೆದುಕೊಳ್ಳುತ್ತದೆ. ಮಂಟಪದ ಮ್ಯಾನೇಜರ್ ಎರಡು ವಾರ ತಡೆದುಕೊಳ್ಳಲ್ಲ.

ಇನ್ನೊಂದು ವಿಷಯ. ಮಂತ್ರಿ ಹೇಳಿದ್ದು ಪೈಪಿನ ಬಗ್ಗೆ. ಜಗಳ ಇದ್ದದ್ದು ಪೈಪಿನಲ್ಲಿ ಅಲ್ಲವೇ ಅಲ್ಲ. ಬ್ಯಾರೆಲ್‌ಗೆ ಕಂಪನಿಗಳಿಗೆ ಎಷ್ಟು ಕೊಡಬೇಕು, ಯಾರು ಕೊಡಬೇಕು, ಕುರ್ದಿಸ್ತಾನ ಸರ್ಕಾರ ಉಳಿಸಿಕೊಂಡ ಹತ್ತಿರ ಹತ್ತಿರ 100 ಕೋಟಿ ಡಾಲರ್ ಹಳೆ ಬಾಕಿ ಯಾರು ತೀರಿಸಬೇಕು, ಇವು ಜಗಳ. ಕುರ್ದರ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ ದುಡ್ಡು ಬೇಕು ಅಂತ ಕಂಪನಿಗಳು. ಆ ಒಪ್ಪಂದಗಳನ್ನೇ ಒಪ್ಪದ ಬಾಗ್ದಾದ್. ಇದೆಲ್ಲ ಕಂಪನಿಯ ಪ್ರಕಟಣೆಗಳಲ್ಲೇ ಇತ್ತು. ನಾನು ಓದಿದ್ದೆ. ಓದಿಯೂ, ‘ಪೈಪ್ ರೆಡಿ’ ಅನ್ನುವುದನ್ನು ‘ಎಣ್ಣೆ ಹರಿಯುತ್ತೆ’ ಅಂತ ಓದಿಕೊಂಡೆ. ಬೇಕಾಗಿದ್ದು ಅದೇ ಆಗಿತ್ತು, ಅಲ್ವಾ? ಮದುವೆಯ ದುಡ್ಡು ಹಾಕಿದವನಿಗೆ ಸುದ್ದಿ ಓದುವ ಕಣ್ಣೇ ಹೋಗಿಬಿಡುತ್ತದೆ. ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದೆ. ‘ಮಾತುಕತೆ ಫಲಪ್ರದ’ ಅಂತ ಬಂದರೆ ರಾತ್ರಿ ನಿದ್ದೆ, ‘ಮುಂದೂಡಿಕೆ’ ಅಂತ ಬಂದರೆ ಊಟ ಸೇರುತ್ತಿರಲಿಲ್ಲ.

ಜನವರಿ ಮೂರನೇ ವಾರ ಮಾರಿದೆ. ಒಟ್ಟು 6.40 ಲಕ್ಷ ಹಾಕಿದ್ದೆ, ಕೈಗೆ ಬಂದದ್ದು 4.75 ಲಕ್ಷ. ಮಾರಿದ ದಿನದಿಂದ ಅದು ಬಳ್ಳಾರಿಯ ಬ್ಯಾಂಕಿಗೆ ಬರಲು ಒಂಬತ್ತು ದಿನ ಹಿಡಿಯಿತು. ಇದನ್ನೂ ನೆನಪಿಡಿ. ಮೊದಲ ಎರಡು ಸಲದ ದುಡ್ಡಿಗೂ ಅಷ್ಟೊತ್ತಿಗೆ ಮನೆಯಲ್ಲಿ ಲೆಕ್ಕ ಹಾಕಿಬಿಟ್ಟಿದ್ದರು. ಅಣ್ಣ ಇದ್ದಾನೆ, ನೋಡಿಕೊಳ್ಳುತ್ತಾನೆ ಅಂತ. ಒಂದೂವರೆ ಲಕ್ಷದ ಮೇಲೆ ಕಡಿಮೆ ಬಿತ್ತು.

ಅವ್ವನಿಗೆ ಹೇಳಲೇಬೇಕಾಯ್ತು. ಅವ್ವ ಏನೂ ಕೇಳಲಿಲ್ಲ. ಬಚ್ಚಲಿಗೆ ಹೋಗಿ ಕೈಗೆ ಸೋಪು ಹಚ್ಚಿಕೊಂಡು ಬಳೆ ತೆಗೆದಳು. ಇಪ್ಪತ್ತೆಂಟು ವರ್ಷ ತೆಗೆಯದ ಬಳೆ, ಗೆಣ್ಣಿನ ಹತ್ತಿರ ಸಿಕ್ಕಿಹಾಕಿಕೊಂಡು ಚರ್ಮ ಕೆಂಪಾಯ್ತು. ಅಡವಿಡಲು ಹೋದ ಸೊಸೈಟಿಯಲ್ಲಿ ಅಕ್ಕಸಾಲಿ ಆ ಬಳೆಗಳನ್ನು ಒರೆಗಲ್ಲಿಗೆ ಉಜ್ಜಿ, ಕಲ್ಲಿನ ಮೇಲೆ ಎರಡು ಹನಿ ಆಸಿಡ್ ಬಿಟ್ಟು, ತೂಕ ಮಾಡಿ, ಗ್ರಾಂ ಲೆಕ್ಕ ಕೂಗಿ ಹೇಳಿದ. ಅವ್ವ ಮುಂಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ಬಳೆ ಇದ್ದ ಜಾಗದಲ್ಲಿ ಬೆಳ್ಳಗಿನ ಗೆರೆ. ತಂಗಿಯ ಮದುವೆಯಲ್ಲಿ ಧಾರೆ ಎರೆಯುವಾಗ ಆ ಕೈಯಲ್ಲಿ ಗಾಜಿನ ಬಳೆ ಮಾತ್ರ ಇತ್ತು. ಬಳೆ ಬಿಡಿಸಿಕೊಳ್ಳಲು ನನಗೆ ಹದಿನಾಲ್ಕು ತಿಂಗಳು ಬೇಕಾಯ್ತು.

ಇದರಲ್ಲಿ ನನಗೆ ಇವತ್ತಿಗೂ ಚುಚ್ಚುವುದು ಏನು ಅಂದ್ರೆ, ನನಗೆ ಇದು ಗೊತ್ತಿಲ್ಲದ ವಿಷಯ ಆಗಿರಲಿಲ್ಲ. ನಮ್ಮ ಮನೆ ಮುಂದೆಯೇ ನಡೆದಿತ್ತು.

2010ರ ಶುರುವಿನಲ್ಲಿ ಅಪ್ಪ ಫೈನಾನ್ಸ್ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಲಾರಿ ತಗೊಂಡಿದ್ದ. ಸಂಡೂರಿನ ಕಬ್ಬಿಣದ ಅದಿರು ಬಂದರಿಗೆ ಹೊಡೆಯೋದಕ್ಕೆ. ಆ ಜುಲೈನಲ್ಲೇ ರಾಜ್ಯ ಸರ್ಕಾರ ಅದಿರು ರಫ್ತಿನ ಪರ್ಮಿಟ್ ನಿಲ್ಲಿಸಿತು. ಲಾರಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ತಾಡಪಾಲು ಹೊದಿಸಿದ. ಬ್ಯಾಟರಿ ಇಳಿಯಬಾರದು ಅಂತ ದಿನಾ ಬೆಳಿಗ್ಗೆ ಹತ್ತು ನಿಮಿಷ ಎಂಜಿನ್ ಸ್ಟಾರ್ಟ್ ಮಾಡಿ ಬಿಡುತ್ತಿದ್ದ. ಆ ಸದ್ದಿಗೇ ನಾನು ಏಳುತ್ತಿದ್ದೆ. ಚಹಾದ ಅಂಗಡಿಯಲ್ಲಿ ಒಂದೇ ಮಾತು: ಮುಂದಿನ ತಿಂಗಳು ಬಿಡ್ತಾರೆ. ಕಂತು ಕಟ್ಟಲು ಅಪ್ಪ ಸಾಲ ಮಾಡಿದ. 2011ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧ ತೆಗೆಯಲು ಹೇಳಿತು. ಅಪ್ಪ ಹೊಸ ಟೈರ್ ಹಾಕಿಸಿದ. ಅದೇ ವರ್ಷ ಜುಲೈ 29ಕ್ಕೆ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಗಣಿಗಳಲ್ಲಿ ಆಗಿದ್ದ ಅನ್ಯಾಯಕ್ಕೆ ಆ ಆದೇಶ ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ನಮ್ಮ ಲಾರಿ ಮಾತ್ರ ಹೊಸ ಟೈರ್ ಸಮೇತ ಫೈನಾನ್ಸ್‌ನವರ ಪಾಲಾಯ್ತು. ಲಾರಿ ರೆಡಿ ಇತ್ತು, ರಸ್ತೆ ಇತ್ತು, ಡ್ರೈವರ್ ಇದ್ದ. ಪರ್ಮಿಟ್ ಇರಲಿಲ್ಲ. ‘ಪೈಪ್ ರೆಡಿ’ ಅಂದಾಗ ನನಗೆ ಆ ಲಾರಿ ನೆನಪಾಗಬೇಕಿತ್ತು.

ಈಗ ನಿಮ್ಮ ಪ್ರಶ್ನೆ. ಮಾತುಕತೆ ಯಾವಾಗ ಮುಗಿಯುತ್ತೆ ಅಂತ ಕೇಳಿದ್ದೀರಿ. ಈ ಪ್ರಶ್ನೆಯನ್ನೇ ಬಿಟ್ಟುಬಿಡಿ. ಯಾರಾದರೂ ಇಂಥ ತಿಂಗಳು ಅಂತ ಹೇಳಿದರೆ ನಂಬಲೂ ಬೇಡಿ. ಕುರ್ದಿಸ್ತಾನದ ವಿಷಯದಲ್ಲಿ 2025ರ ಫೆಬ್ರವರಿಯಲ್ಲಿ ಇರಾಕಿನ ಸಂಸತ್ತು ಬ್ಯಾರೆಲ್‌ಗೆ 16 ಡಾಲರ್ ಕೊಡುವುದಕ್ಕೆ ಬಜೆಟ್ ಕಾಯ್ದೆ ತಿದ್ದಿತು. ಎಲ್ಲರೂ ಇನ್ನೇನು ಶುರು ಅಂದರು. ಜುಲೈನಲ್ಲಿ ಬಾವಿಗಳ ಮೇಲೆ ಡ್ರೋನ್ ದಾಳಿ ಆಯ್ತು. ಕೊನೆಗೆ ತೈಲ ಹರಿದಿದ್ದು 2025ರ ಸೆಪ್ಟೆಂಬರ್ 27ಕ್ಕೆ. ಮೂವತ್ತು ತಿಂಗಳು. ಅಷ್ಟೊತ್ತಿಗೆ ಆ ಷೇರು ನನ್ನ ಆವರೇಜ್ ಬೆಲೆ ದಾಟಿತ್ತು. ಅಂದ್ರೆ ನನ್ನ ಅಂದಾಜು ತಪ್ಪಾಗಿರಲಿಲ್ಲ. ಆದರೂ ದುಡ್ಡು ಹೋಯ್ತು.

ರಫ್ತು ಶುರುವಾದ ದಿನ ಷೇರು ಡಬಲ್ ಆಗುತ್ತೆ ಅಂತಲೂ ಬರೆದಿದ್ದೀರಿ. ಇದನ್ನೂ ನಾನು ಒಪ್ಪಲ್ಲ. ನಮ್ಮ ಅದಿರನ್ನೇ ನೋಡಿ. 2022ರ ಮೇ 20ಕ್ಕೆ ಸುಪ್ರೀಂ ಕೋರ್ಟ್ ಕರ್ನಾಟಕದ ಅದಿರು ರಫ್ತಿಗೆ ಅನುಮತಿ ಕೊಟ್ಟಿತು. ಎಷ್ಟು ವರ್ಷದಿಂದ ಕಾದಿದ್ದರು ಜನ! ಎರಡೇ ದಿನ. ಮೇ 22ರಿಂದ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕ 50% ಮಾಡಿತು. ಅದು ಇಳಿದದ್ದು ನವೆಂಬರ್‌ನಲ್ಲಿ. ಗೇಟು ತೆರೆದರೂ ಲಾರಿ ಹೊರಡಲಿಲ್ಲ. ಕುರ್ದಿಸ್ತಾನದಲ್ಲೂ ತೈಲ ಹರಿಯಲು ಶುರುವಾದಾಗ ಹಳೆ ಬಾಕಿ ಹಾಗೇ ಉಳಿದಿತ್ತು, ಅದೇ ಕಾರಣಕ್ಕೆ ನಾರ್ವೆಯ ಡಿಎನ್‌ಒ ಅನ್ನುವ ತೈಲ ಕಂಪನಿ ಆಗ ಆ ಒಪ್ಪಂದಕ್ಕೆ ಸೇರಲಿಲ್ಲ. ಮೇಲಾಗಿ ಆ ಪೈಪ್‌ಲೈನಿನ 1973ರ ಮೂಲ ಒಪ್ಪಂದವೇ 2026ರ ಜುಲೈ 27ಕ್ಕೆ ಕೊನೆ ಅಂತ ಟರ್ಕಿ ಮೊದಲೇ ಹೇಳಿಬಿಟ್ಟಿತ್ತು.

ಹಾಗಾದ್ರೆ ಏನು ನೋಡಬೇಕು? ಗೇಟು ಮುಚ್ಚಿರುವಾಗ ಕಂಪನಿ ಹೇಗೆ ಬದುಕುತ್ತಿದೆ ಅನ್ನುವುದು. ನನ್ನ ಕಂಪನಿ ಪೈಪ್ ಬಂದ್ ಆದ ಮೇಲೆ ಟ್ಯಾಂಕರ್ ಲಾರಿಗಳಲ್ಲಿ ಅಲ್ಲೇ ಸ್ಥಳೀಯವಾಗಿ ತೈಲ ಮಾರಿತು. ಅಂತರರಾಷ್ಟ್ರೀಯ ಬೆಲೆಯ ಅರ್ಧಕ್ಕಿಂತ ಕಡಿಮೆಗೆ. ಆದರೆ ದುಡ್ಡು ಮುಂಗಡ ಬರುತ್ತಿತ್ತು. ಅದಿರನ್ನು ಇ-ಹರಾಜಿನಲ್ಲಿ ಇಲ್ಲಿನ ಸ್ಟೀಲ್ ಫ್ಯಾಕ್ಟರಿಗಳಿಗೇ ಮಾರಿ ನಮ್ಮ ಗಣಿಗಳು ಬದುಕಿದ ಹಾಗೆ. ಖರ್ಚು ಕಡಿಮೆ, ಸಾಲ ಇಲ್ಲ, ಹಾಗಾಗಿ ಉಳಿಯಿತು. ನಿಮ್ಮ ಕಂಪನಿಯ ಕೊನೆಯ ಅರ್ಧ ವರ್ಷದ ವರದಿ ತೆಗೆಯಿರಿ. ಕೈಯಲ್ಲಿ ನಗದು ಎಷ್ಟು, ತಿಂಗಳಿಗೆ ಖರ್ಚೆಷ್ಟು, ಸಾಲದ ಕಂತು ಯಾವಾಗ? ದೊಡ್ಡ ಸಾಲದ ಕಂತು ಒಂದೂವರೆ ವರ್ಷದೊಳಗೆ ಇದ್ದರೆ ಪೂರ್ತಿ ಮಾರಿ ಹೊರಗೆ ಬನ್ನಿ. ಕಂಪನಿ ಆಗ ಹೊಸ ಷೇರು ಹೊರಡಿಸಿ ದುಡ್ಡು ಎತ್ತುತ್ತದೆ, ನಿಮ್ಮ ಪಾಲು ಕರಗುತ್ತದೆ. ಸಾಲ ಇಲ್ಲ ಅಂದ್ರೆ ಕಾಯಬಹುದು, ಕಾಯುವ ದುಡ್ಡಿದ್ದರೆ ಮಾತ್ರ.

ಅಂದಹಾಗೆ, ವಿದೇಶಿ ಷೇರು ಇದ್ದರೆ ಐಟಿ ರಿಟರ್ನ್‌ನಲ್ಲಿ ಷೆಡ್ಯೂಲ್ ಎಫ್‌ಎ, ಅಂದ್ರೆ ವಿದೇಶಿ ಆಸ್ತಿಯ ಪಟ್ಟಿ, ತುಂಬಬೇಕು. ನಷ್ಟ ಆಗಿದ್ದರೂ ತುಂಬಬೇಕು. ಊರಿನ ಸಣ್ಣ ಟ್ಯಾಕ್ಸ್ ಆಫೀಸುಗಳಲ್ಲಿ ಇದನ್ನು ಮರೆತುಬಿಡುತ್ತಾರೆ, ನೀವೇ ನೆನಪಿಸಿ.

ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲಿ ಇನ್ನೊಂದು ಮಾತಿದೆ. ಯುಗಾದಿಗೆ ಕಟ್ಟಬೇಕಾದ ಹೊಲದ ಲೀಜಿನ ದುಡ್ಡೂ ಈಗಾಗಲೇ ಆ ಷೇರಿನಲ್ಲೇ ಇದೆ ಅಂತ. ನೀವು ಅದನ್ನು ಹಾಗೇ ದಾಟಿಸಿಬಿಟ್ಟಿದ್ದೀರಿ, ನನಗೆ ಇಡೀ ಪ್ರಶ್ನೆಯಲ್ಲಿ ಕಂಡದ್ದು ಅದೊಂದೇ. ಲೀಜು ಎಷ್ಟಿದೆಯೋ ಅಷ್ಟು ಬೆಲೆಯ ಷೇರು ಈ ವಾರ ಮಾರಿ. ರೇಟು ಅರ್ಧ ಇದೆ, ಹೊಟ್ಟೆ ಉರಿಯುತ್ತದೆ, ಆದರೂ ಮಾರಿ. ದುಡ್ಡು ಸಿಂಧನೂರಿಗೆ ಬರಲು ಹತ್ತು ದಿನ ಹಿಡಿಯಬಹುದು, ಹಾಗಾಗಿ ಯುಗಾದಿ ಹತ್ತಿರ ಬರಲಿ ಅಂತ ಕಾಯಬೇಡಿ. ಬಂದ ದಿನವೇ ಹೊಲದ ಯಜಮಾನರ ಮನೆಗೆ ಹೋಗಿ ಕೊಟ್ಟು, ಚೀಟಿ ಬರೆಸಿಕೊಂಡು ಬನ್ನಿ.