ಸೈಕಲ್ ಬ್ರೇಕ್ ಪ್ಯಾಡ್ ಸವೆದಿದೆಯಾ ಅಂತ ನಾವೇ ನೋಡಿಕೊಳ್ಳುವುದು ಹೇಗೆ?

ತೀರ್ಥಹಳ್ಳಿ ಕಡೆ ದಿನಾ ಗೇರ್ ಸೈಕಲ್ ಓಡಿಸುತ್ತೇನೆ, ಮಳೆ ಹಿಡಿದ ಮೇಲೆ ಬ್ರೇಕ್ ಒತ್ತಿದರೆ ಕರಕರ ಅನ್ನುತ್ತದೆ, ಅಂಗಡಿಯವರು ವೈರ್ ಟೈಟ್ ಮಾಡಿ ಕಳಿಸಿದರು ಅಂತ ಬರೆದಿದ್ದೀರಿ. ಡಿಸ್ಕ್ ಬ್ರೇಕೋ (ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವುದು) ರಿಮ್ ಬ್ರೇಕೋ (ಟೈರ್ ಕೂರುವ ಲೋಹದ ಬಳೆಯನ್ನೇ ಹಿಡಿಯುವುದು) ಅಂತ ಹೇಳಿಲ್ಲ, ಹಾಗಾಗಿ ಎರಡನ್ನೂ ಹೇಳುತ್ತೇನೆ. ಶಿವಮೊಗ್ಗದಲ್ಲಿ ವರ್ಷವಿಡೀ ಸೈಕಲ್ ತುಳಿಯುವವನು ನಾನು. ನನ್ನ ಸೈಕಲ್ಲಿನ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳುತ್ತೇನೆ.

ಮೊದಲನೆಯದಾಗಿ, ಲಿವರ್ ಗಟ್ಟಿಯಾಗಿದೆ ಅಂತ ಪ್ಯಾಡ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ವೈರ್ ಎಳೆದು ಕಟ್ಟಿದರೆ ಪೂರ್ತಿ ಸವೆದ ಪ್ಯಾಡಿನಲ್ಲೂ ಲಿವರ್ ಗಟ್ಟಿಯಾಗುತ್ತದೆ. ಆಯಿಲ್ ತುಂಬಿದ ಹೈಡ್ರಾಲಿಕ್ ಬ್ರೇಕಿನಲ್ಲಂತೂ ಪ್ಯಾಡ್ ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ತಾನೇ ಮುಂದೆ ಬರುತ್ತದೆ. ಕೊನೆವರೆಗೂ ಕೈಗೆ ಏನೂ ಗೊತ್ತಾಗುವುದಿಲ್ಲ. ಕಣ್ಣಲ್ಲಿ ನೋಡಲೇಬೇಕು.

ರಿಮ್ ಬ್ರೇಕ್ ಆದರೆ ಕೆಲಸ ಸುಲಭ. ಪ್ಯಾಡಿನ ರಬ್ಬರಿನಲ್ಲಿ ಅಡ್ಡಡ್ಡ ಗೀರು ಕೊರೆದಿರುತ್ತಾರೆ, ಕೆಲವದರಲ್ಲಿ ಸವೆತದ ಗೆರೆಯನ್ನೇ ಎಳೆದಿರುತ್ತಾರೆ. ಗೀರು ಅಳಿಸಿಹೋಗಿದ್ದರೆ ಅಥವಾ ಸವೆತ ಆ ಗೆರೆವರೆಗೆ ಬಂದಿದ್ದರೆ ಬದಲಾಯಿಸಿ. ಎಷ್ಟೋ ಸಲ ಗೀರಿನಲ್ಲಿ ಮಣ್ಣು ಮೆತ್ತಿಕೊಂಡು ಅಳಿಸಿದ ಹಾಗೆ ಕಾಣುತ್ತದೆ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ನೋಡಿ. ಎಡಕ್ಕೂ ಬಲಕ್ಕೂ ಸವೆತ ಒಂದೇ ಸಮ ಇರಬೇಕು. ಒಂದೇ ಕಡೆ ಜಾಸ್ತಿ ತಿಂದಿದ್ದರೆ ಬ್ರೇಕ್ ನಡುವಿಗೆ ಕೂತಿಲ್ಲ ಅಂತ ಅರ್ಥ. ಪ್ಯಾಡ್ ಟೈರಿಗೂ ತಾಗಬಾರದು, ರಿಮ್ಮಿನಿಂದ ಕೆಳಗೂ ಜಾರಬಾರದು.

ಈಗ ನಿಮ್ಮ ಕರಕರ. ಒದ್ದೆಯಾದಾಗ ಕೀ ಅಂತ ಕಿರುಚಿದರೆ ಅಷ್ಟೇನೂ ತಲೆ ಕೆಡಿಸಿಕೊಳ್ಳಬೇಡಿ, ನೀರು ಒರೆಸಿಹೋದ ಮೇಲೆ ಸಾಮಾನ್ಯವಾಗಿ ನಿಲ್ಲುತ್ತದೆ. ಕರಕರ ಬೇರೆ. ಚಕ್ರ ಬಿಚ್ಚಿ, ಪ್ಯಾಡಿನ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ರಬ್ಬರಿನ ನಡುವೆ ಬೆಳ್ಳಿ ಚುಕ್ಕಿಗಳು ಮಿಂಚಿದರೆ, ಅವು ರಿಮ್ಮಿನಿಂದಲೇ ಎದ್ದು ಬಂದ ಅಲ್ಯೂಮಿನಿಯಂ ಚೂರುಗಳು. ನಮ್ಮ ರಸ್ತೆಯ ಕೆಮ್ಮಣ್ಣು, ಮರಳು ನೀರಿನ ಜೊತೆ ರಿಮ್ಮಿಗೆ ಮೆತ್ತಿಕೊಳ್ಳುತ್ತದೆ. ಬ್ರೇಕ್ ಹಿಡಿದಾಗೆಲ್ಲ ಉಪ್ಪುಕಾಗದದ ಹಾಗೆ ರಿಮ್ಮನ್ನೂ ಪ್ಯಾಡನ್ನೂ ಒಟ್ಟಿಗೆ ತಿನ್ನುತ್ತದೆ. ಎದ್ದ ಚೂರು ರಬ್ಬರಿಗೆ ಹೊಕ್ಕು ಕೂತು, ಮತ್ತೆ ರಿಮ್ಮನ್ನೇ ಗೀರುತ್ತದೆ. ಸೇಫ್ಟಿ ಪಿನ್ನಿನ ತುದಿಯಿಂದ ಒಂದೊಂದಾಗಿ ಕಿತ್ತು ತೆಗೆಯಿರಿ. ಚಿಕ್ಕವೇ ಇರುತ್ತವೆ, ಆದರೆ ಬೆರಳಿಗೆ ಚುಚ್ಚುತ್ತವೆ. ಆಮೇಲೆ ಪ್ಯಾಡಿನ ಮುಖವನ್ನು ಉಪ್ಪುಕಾಗದದಲ್ಲಿ ಹಗುರವಾಗಿ ತಿಕ್ಕಿ, ರಿಮ್ಮನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬರೀ ಇಷ್ಟಕ್ಕೇ ಸದ್ದು ನಿಂತದ್ದನ್ನು ಬೇಕಾದಷ್ಟು ನೋಡಿದ್ದೇನೆ.

ರಿಮ್ಮಿನ ಪಕ್ಕಕ್ಕೂ ಬೆರಳು ಆಡಿಸಿ. ಒಳಕ್ಕೆ ತಗ್ಗಿದ್ದರೆ ಅದೂ ಸವೆಯುತ್ತಿದೆ. ಹಲವು ರಿಮ್ಮುಗಳಲ್ಲಿ ಸವೆತ ತೋರಿಸಲೆಂದೇ ಒಂದು ಸಣ್ಣ ಗುಳಿ ಅಥವಾ ಗೆರೆ ಇರುತ್ತದೆ. ಅದು ಮಾಯವಾಗಿದ್ದರೆ ದಯವಿಟ್ಟು ಆ ರಿಮ್ಮಿನಲ್ಲಿ ಓಡಿಸಬೇಡಿ. ಟೈರಿನ ಗಾಳಿಯ ಒತ್ತಡಕ್ಕೇ ಒಡೆಯಬಹುದು.

ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಕ್ಯಾಲಿಪರ್ ಒಳಗೆ, ಅಂದರೆ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿಯುವ ಭಾಗದೊಳಗೆ, ಅಡಗಿರುತ್ತದೆ. ಮೊಬೈಲ್ ಟಾರ್ಚ್ ಬಿಟ್ಟು ಮೇಲಿಂದ ಇಣುಕಿ. ಹಿಂದೆ ಲೋಹದ ತಗಡು, ಅದರ ಮುಂದೆ ಉಜ್ಜುವ ಪದರ. ಹೊಸದರಲ್ಲಿ ಈ ಪದರ ಸುಮಾರು 2 ಮಿ.ಮೀ. ಇರುತ್ತದೆ. ಬ್ರೇಕ್ ತಯಾರಿಸುವ ಶಿಮಾನೊ ಕಂಪನಿ ಹೇಳುವ ಕೊನೆಯ ಮಿತಿ 0.5 ಮಿ.ಮೀ. ನಾನು ಮಾತ್ರ ಮಳೆಗಾಲದಲ್ಲಿ 1 ಮಿ.ಮೀ.ಗೇ ತೆಗೆದುಬಿಡುತ್ತೇನೆ. ಅದಕ್ಕಿಂತ ಕಡಿಮೆಯಾದ ರೆಸಿನ್ ಪ್ಯಾಡ್ (ರಾಳದಲ್ಲಿ ಬೆಸೆದ ಮೆತ್ತನೆಯ ಪ್ಯಾಡ್) ಕೆಸರಿನಲ್ಲಿ ಬೇಗ ಮುಗಿದುಹೋಗುತ್ತದೆ. ಸರಿಯಾಗಿ ಕಾಣದಿದ್ದರೆ ಪ್ಯಾಡ್ ಹೊರಗೆ ತೆಗೆದೇ ನೋಡಿ. ಆದರೆ ಎಣ್ಣೆ ಕೈಯಲ್ಲಿ ಮುಟ್ಟಬೇಡಿ, ಚಕ್ರ ತೆಗೆದಿಟ್ಟಾಗ ಲಿವರ್ ಒತ್ತಬೇಡಿ. ವೈರಿನ ಡಿಸ್ಕ್ ಬ್ರೇಕ್ ಆದರೆ ಎರಡೂ ಪ್ಯಾಡ್ ಬೇರೆಬೇರೆ ನೋಡಿ. ಬಹಳಷ್ಟು ಮಾಡೆಲ್‌ಗಳಲ್ಲಿ ಒಂದು ಕಡೆಯ ಪ್ಯಾಡ್ ಮಾತ್ರ ಅಲುಗುತ್ತದೆ, ಹಾಗಾಗಿ ಸವೆತ ಸಮ ಇರುವುದಿಲ್ಲ.

ಇಷ್ಟು ಕಿಲೋಮೀಟರಿಗೆ ಬದಲಾಯಿಸಿ ಅನ್ನುವ ಲೆಕ್ಕ ಮಲೆನಾಡಿಗೆ ಹೊಂದುವುದಿಲ್ಲ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬಂದ ಪ್ಯಾಡ್ ಜುಲೈ ಮಳೆಯಲ್ಲಿ ಕೆಲವೇ ವಾರಕ್ಕೆ ಖಾಲಿಯಾಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೋಡಿ, ಐದು ನಿಮಿಷದ ಕೆಲಸ ಅಲ್ವಾ. ಆಗುಂಬೆ ಘಾಟಿ ಇಳಿಯುವ ಯೋಚನೆ ಇದ್ದರೆ ಹಿಂದಿನ ದಿನವೇ ನೋಡಿಕೊಳ್ಳಿ. 14 ಹಿಮ್ಮುರಿ ತಿರುವು, ಪ್ರತಿಯೊಂದಕ್ಕೂ ವೇಗ ಇಳಿಸಬೇಕು. ಅನುಮಾನದ ಪ್ಯಾಡ್ ಹಾಕಿಕೊಂಡು ಅಲ್ಲಿಗೆ ಹೋಗಲೇಬೇಡಿ.

ಹೊಸ ಪ್ಯಾಡ್ ಕೊಳ್ಳುವಾಗ ಹಳೆಯದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ, ಆಕಾರ ಬೇರೆಬೇರೆ ಇರುತ್ತದೆ. ರಿಮ್ ಬ್ರೇಕಿನಲ್ಲಿ ರಬ್ಬರ್ ಮಾತ್ರ ಜಾರಿಸಿ ಹಾಕುವ ಹೋಲ್ಡರ್ ಇದ್ದರೆ ಅದರ ಮುಚ್ಚಿದ ತುದಿ ಮುಂದಕ್ಕೆ ಬರಬೇಕು. ತಿರುಗಾಮುರುಗಾ ಆದರೆ ಬ್ರೇಕ್ ಹಿಡಿದಾಗ ರಬ್ಬರ್ ಹೊರಗೆ ಜಾರಬಹುದು. ಡಿಸ್ಕ್ ಪ್ಯಾಡ್ ಆದರೆ ಹಾಕಿದ ಕೂಡಲೇ ಇಳಿಜಾರಿಗೆ ಹೋಗಬೇಡಿ. ಖಾಲಿ ಸಪಾಟು ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದು, ಚಕ್ರ ಲಾಕ್ ಆಗದ ಹಾಗೆ ಬ್ರೇಕ್ ಒತ್ತಿ ನಿಧಾನ ಮಾಡಿ. ಹೀಗೆ ಹತ್ತಿಪ್ಪತ್ತು ಸಲ ಮಾಡಿದರೆ ಹಿಡಿತ ಬಿಗಿಯಾಗುವುದು ನಿಮಗೇ ತಿಳಿಯುತ್ತದೆ.