ವಿಮಾನ ಹತ್ತದವರ ಕಥೆ

ಮಾನ್ಯರೇ,

ಇಥಿಯೋಪಿಯಾದಿಂದ ಇಸ್ರೇಲಿಗೆ ಬಂದು ನೆಲೆಸಿದ ಯಹೂದಿಗಳು ಹಿಂದೆ ಉಳಿದ ತಮ್ಮವರನ್ನು ಕರೆಸಿಕೊಳ್ಳಲು ನಡೆಸಿರುವ ಹೋರಾಟದ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಿಷಯ ಗಟ್ಟಿಯಾಗಿರುವುದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಹನ್ನೆರಡು ಪುಟಗಳಲ್ಲಿ ಏಳನ್ನು 1991ರ ಮೇ ತಿಂಗಳ ‘ಆಪರೇಷನ್ ಸೊಲೊಮನ್’ ನುಂಗಿದೆ. ಸುಮಾರು 36 ಗಂಟೆಗಳಲ್ಲಿ 14,000ಕ್ಕೂ ಹೆಚ್ಚು ಜನರನ್ನು ಅಡಿಸ್ ಅಬಾಬಾದಿಂದ ವಿಮಾನಗಳಲ್ಲಿ ಇಸ್ರೇಲಿಗೆ ಸಾಗಿಸಿದ್ದು ಬೆರಗಿನ ಸಂಗತಿಯೇ ಸರಿ, ಆದರೆ ನೀವು ಹೇಳಹೊರಟಿದ್ದು ಆ ವಿಮಾನಗಳನ್ನು ಹತ್ತದವರ ಕಥೆ. ಅವರೇಕೆ ಹತ್ತಲಿಲ್ಲ ಎಂಬುದಕ್ಕೆ ‘ಸರ್ಕಾರದ ಕಲ್ಲೆದೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ‘ಕರುಳಬಳ್ಳಿ’ ಒಂಬತ್ತು ಸಲ ಬಂದಿದೆ, ‘ಕಾನೂನು’ ಎರಡೇ ಸಲ.

ತೊಡಕಿರುವುದು ಕಾನೂನಿನಲ್ಲಿ. 1950ರ ‘ಮರಳುವಿಕೆಯ ಕಾನೂನು’ ಯಹೂದಿಗಳಿಗೆ ವಲಸೆಯ ಹಕ್ಕು ಕೊಟ್ಟಿತು. 1970ರ ತಿದ್ದುಪಡಿ ಅದನ್ನು ಮಕ್ಕಳು ಮೊಮ್ಮಕ್ಕಳಿಗೂ ವಿಸ್ತರಿಸಿತಾದರೂ, ಯಹೂದಿಯಾಗಿದ್ದು ಸ್ವಇಚ್ಛೆಯಿಂದ ಮತ ಬದಲಿಸಿದವರನ್ನು ಹೊರಗಿಟ್ಟಿತು. ಯಹೂದಿ ಪೂರ್ವಜರು ಕ್ರೈಸ್ತಮತಕ್ಕೆ ಸೇರಿದ್ದ ಕುಟುಂಬಗಳು ಆ ಹಕ್ಕಿನ ವ್ಯಾಪ್ತಿಗೆ ಬಾರದೆ, 1952ರ ಪ್ರವೇಶ ಕಾನೂನಿನಡಿ ಸಚಿವ ಸಂಪುಟ ಆಗಾಗ ಕೈಗೊಳ್ಳುವ ನಿರ್ಣಯಗಳನ್ನೇ ನೆಚ್ಚಬೇಕಾಯಿತು. ಹೀಗಾಗಿ ಅಕ್ಕ ಇಸ್ರೇಲಿನ ಪ್ರಜೆಯಾಗಿದ್ದು, ತಮ್ಮ ಉತ್ತರ ಇಥಿಯೋಪಿಯಾದ ಗೊಂಡಾರ್‌ ನಗರದಲ್ಲಿ ವರ್ಷಗಟ್ಟಲೆ ಕಾಯುವಂತಾಯಿತು. ಹೋರಾಟಗಾರರು ಬೇಡಿದ್ದು ಕರುಣೆಯನ್ನಲ್ಲ, ಕುಟುಂಬವೆಂದರೆ ಯಾರೆಂದು ಸರ್ಕಾರ ಹಾಕಿಕೊಂಡ ಲೆಕ್ಕ ಬದಲಾಗಬೇಕೆಂಬುದನ್ನು.

ನೀವು ಅರ್ಧ ಸಾಲಿನಲ್ಲಿ ದಾಟಿಹೋದ 2016ರ ಘಟನೆಯೇ ಲೇಖನದ ನಡುಗಂಬವಾಗಬೇಕು. ಸುಮಾರು 9,000 ಜನರನ್ನು ಕರೆತರಲು 2015ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿತ್ತು. ಆಮೇಲೆ ಹಣವಿಲ್ಲವೆಂದು ನಿರ್ಣಯ ಮೂಲೆಗುಂಪಾಯಿತು. ಆಗ 120 ಸದಸ್ಯರ ಸಂಸತ್ತಿನಲ್ಲಿ 61 ಸ್ಥಾನಗಳ ಮೇಲೆ ನಿಂತಿದ್ದ ಆಡಳಿತ ಒಕ್ಕೂಟಕ್ಕೆ, ಸ್ವತಃ ಇಥಿಯೋಪಿಯಾದಿಂದ ವಲಸೆ ಬಂದಿದ್ದ ಆಡಳಿತ ಪಕ್ಷದ ಸದಸ್ಯ ಅವ್ರಹಾಮ್ ನೆಗೀಸೆ, ಸಹಸದಸ್ಯ ಡೇವಿಡ್ ಅಮ್ಸಾಲೆಮ್ ಜೊತೆಗೂಡಿ ಮತ ನಿರಾಕರಿಸಿದರು. 2016ರ ಅಕ್ಟೋಬರ್‌ನಲ್ಲಿ ವಲಸೆ ಮತ್ತೆ ಶುರುವಾಯಿತು. ಒಂದೆರಡು ಮತಗಳ ಬೆಲೆ ಎಷ್ಟೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು: ‘ಫಲಾಷಾ’ ಎಂಬುದು ಇಥಿಯೋಪಿಯಾದಲ್ಲಿ ಈ ಯಹೂದಿಗಳನ್ನು ನೆಲವಿಲ್ಲದವರು, ಪರಕೀಯರು ಎಂದು ಹೀಯಾಳಿಸುವ ಪದ, ಆ ಜನ ತಮ್ಮನ್ನು ‘ಬೇಟಾ ಇಸ್ರೇಲ್’ ಎಂದು ಕರೆದುಕೊಳ್ಳುತ್ತಾರೆ, ನೀವೂ ಹಾಗೆಯೇ ಬರೆಯಿರಿ.

ಆ ಏಳು ಪುಟಗಳನ್ನು ಒಂದಕ್ಕಿಳಿಸಿ, ಗೊಂಡಾರ್‌ನಲ್ಲಿ ಕಾಯುವವರನ್ನು ಕುರಿತ ಪ್ಯಾರಾವನ್ನು ಮಾತ್ರ ಮುಟ್ಟದೆ, ಮತ್ತೆ ಕಳುಹಿಸಿ.

ಇಂತಿ,
ಸಂಪಾದಕ