ಹುಲ್ಲಿಗೆ ಹೋದ ನಾಲ್ಕು ಟ್ಯಾಂಕರ್

ಪತ್ರ: ನನ್ನ ಮಗಳು ಅಮೆರಿಕದ ಒರ್ಲ್ಯಾಂಡೊದಲ್ಲಿದ್ದಾಳೆ. 2021ರ ಆಗಸ್ಟ್‌ನಲ್ಲಿ ಅಲ್ಲಿನ ಮೇಯರ್, ಕೋವಿಡ್ ರೋಗಿಗಳಿಗೆ ಆಮ್ಲಜನಕ ಸಾಲದಾಗಿರುವುದರಿಂದ ಹುಲ್ಲುಹಾಸಿಗೆ ನೀರು ಬಿಡಬೇಡಿ, ಕಾರು ತೊಳೆಯಬೇಡಿ ಎಂದು ಜನರನ್ನು ಕೇಳಿಕೊಂಡರಂತೆ. ಆಸ್ಪತ್ರೆಯ ಆಮ್ಲಜನಕಕ್ಕೂ ಅಂಗಳದ ಹುಲ್ಲಿಗೂ ಎಲ್ಲಿಯ ನಂಟು? ನಮ್ಮಂತೆ ಕ್ಲೋರಿನ್ ಬೆರೆಸಿ ಸುಮ್ಮನಿರಬಾರದಿತ್ತೆ? ನಮ್ಮ ಬಡಾವಣೆಯಲ್ಲಿ ಆ ರಗಳೆಯಿಲ್ಲ. ನಾನು ಕುಡಿಯುವ ನಲ್ಲಿ ನೀರನ್ನೇ ನನ್ನ ಗುಲಾಬಿಗಳೂ ಕುಡಿಯುತ್ತವೆ. (ಓದುಗರು, ಮೈಸೂರು)

ಸಂಪಾದಕರ ಉತ್ತರ: ಮಾನ್ಯರೆ, ತಮ್ಮ ಮಗಳು ಹೇಳಿದ್ದು ನಿಜ. ಒರ್ಲ್ಯಾಂಡೊ ನಗರ ಕುಡಿಯುವುದು ನೆಲದಾಳದ ಸುಣ್ಣಕಲ್ಲಿನ ಪದರದಿಂದ ಎತ್ತಿದ ನೀರನ್ನು. ಆ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಇರುವುದರಿಂದ ಅದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಅದನ್ನು ಹೋಗಲಾಡಿಸಲು ಅಲ್ಲಿನ ಜಲ ಸಂಸ್ಥೆ ನೀರಿನೊಳಗೆ ಆಮ್ಲಜನಕದ್ದೇ ಇನ್ನೊಂದು ರೂಪವಾದ ಓಝೋನ್ ಅನಿಲವನ್ನು ಹಾಯಿಸುತ್ತದೆ. ಓಝೋನನ್ನು ತುಂಬಿಟ್ಟುಕೊಳ್ಳಲು ಬರುವುದಿಲ್ಲ. ಬೇಕಾದಾಗ, ಬೇಕಾದ ಜಾಗದಲ್ಲೇ, ಆಮ್ಲಜನಕದ ಮೂಲಕ ಹೆಚ್ಚು ವೋಲ್ಟೇಜಿನ ವಿದ್ಯುತ್ ಹರಿಸಿ ತಯಾರಿಸಿಕೊಳ್ಳಬೇಕು. ಆ ಆಮ್ಲಜನಕ ಮೈನಸ್ 183 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ತಣಿಸಿದ ದ್ರವವಾಗಿ ಟ್ಯಾಂಕರ್‌ಗಳಲ್ಲಿ ಬರುತ್ತದೆ, ಆಸ್ಪತ್ರೆಗೆ ಬರುವುದೂ ಅದೇ ರೂಪದಲ್ಲಿ. ವಾರಕ್ಕೆ ಸುಮಾರು 10 ಟ್ಯಾಂಕರ್ ಬೇಕಿದ್ದ ಒರ್ಲ್ಯಾಂಡೊಗೆ ಆ ಆಗಸ್ಟ್‌ನಲ್ಲಿ ದೊರೆಯುತ್ತಿದ್ದದ್ದು 5ರಿಂದ 7. ಉಸಿರಿಗೆ ಒದ್ದಾಡುವವರನ್ನು ಬಿಟ್ಟು ನೀರಿನ ಘಟಕಕ್ಕೆ ಕೊಡಿ ಎಂದು ಯಾರೂ ಕೇಳುವಂತಿರಲಿಲ್ಲ.

ಕ್ಲೋರಿನ್ ಕುರಿತು ತಾವು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಒರ್ಲ್ಯಾಂಡೊ ಇರುವ ಫ್ಲೋರಿಡಾ ರಾಜ್ಯದ್ದೇ ಆದ ಟ್ಯಾಂಪಾ ನಗರ ಆ ತಿಂಗಳು ಓಝೋನನ್ನು ಬದಿಗಿಟ್ಟು ಕ್ಲೋರಿನ್‌ಗೆ ಮರಳಿ ದಿನ ದೂಡಿತು. ಇಂಥ ಬದಲಿ ದಾರಿಯೊಂದು ಪ್ರತಿಯೊಂದು ಊರಿಗೂ ಇರಬೇಕು. ಕ್ಲೋರಿನ್ ನೀರಿನಲ್ಲಿರುವ ಸಾವಯವ ಕಶ್ಮಲದೊಡನೆ ಸೇರಿ ಬೇಡದ ರಾಸಾಯನಿಕಗಳನ್ನು ಹುಟ್ಟಿಸುತ್ತದೆ ಎಂಬ ಕಾರಣಕ್ಕೆ ಓಝೋನಿನತ್ತ ಹೊರಳಿದ ಊರುಗಳೂ ಇವೆ ಎಂಬುದಷ್ಟನ್ನು ಸೇರಿಸಿ ಆ ಚರ್ಚೆಯನ್ನು ಎಂಜಿನಿಯರುಗಳಿಗೆ ಬಿಡುತ್ತೇನೆ.

ತಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಲಾಬಿಯ ಸಾಲು. ಒರ್ಲ್ಯಾಂಡೊದ ಜಲ ಸಂಸ್ಥೆ ತಾನೇ ಹೇಳಿಕೊಂಡ ಪ್ರಕಾರ, ಅದು ಶುದ್ಧೀಕರಿಸುವ ಕುಡಿಯುವ ನೀರಿನಲ್ಲಿ ಸುಮಾರು ಶೇ 40ರಷ್ಟು ಹೋಗುತ್ತಿದ್ದದ್ದು ಹುಲ್ಲಿಗೆ, ಗಿಡಕ್ಕೆ. ಅಂದರೆ ಹತ್ತು ಟ್ಯಾಂಕರ್ ಆಮ್ಲಜನಕದಲ್ಲಿ ನಾಲ್ಕು ಹುಲ್ಲಿನ ಪಾಲು. ಕೊರತೆ ಬಿದ್ದದ್ದೆಷ್ಟು? ಮೂರರಿಂದ ಐದು. ಇದಕ್ಕಿಂತ ಸರಳ ಲೆಕ್ಕ ಮಕ್ಕಳ ಮಗ್ಗಿ ಪುಸ್ತಕದಲ್ಲೂ ಇಲ್ಲ. ಸೋಂಕು ಆಮ್ಲಜನಕವನ್ನು ಕಿತ್ತುಕೊಂಡಿತೆಂದು ಸುದ್ದಿಯಾಯಿತು, ಹುಲ್ಲು ವರ್ಷಾನುಗಟ್ಟಲೆ ಕಿತ್ತುಕೊಂಡದ್ದು ಸುದ್ದಿಯಾಗಲಿಲ್ಲ. ಸೋಜಿಗವೆಂದರೆ, ಬಳಸಿದ ನೀರನ್ನು ಶುದ್ಧೀಕರಿಸಿ ಕಿತ್ತಳೆ ತೋಟಗಳಿಗೆ ಹರಿಸುವ ಏರ್ಪಾಡನ್ನು ಆ ಊರಿನವರು 1986ರಲ್ಲೇ ಮಾಡಿಕೊಂಡಿದ್ದರು. ದಾರಿ ಗೊತ್ತಿದ್ದವರೇ ಮನೆಯಂಗಳಕ್ಕೆ ಬಂದಾಗ ದಾರಿ ತಪ್ಪಿದರು.

ನಾನು ಬೆಳೆದ ಊರಿನಲ್ಲಿ ಈ ವಿವೇಕಕ್ಕೆ ಎಂಜಿನಿಯರ್ ಬೇಕಿರಲಿಲ್ಲ. ಊರಾಚೆಯ ಸಿಹಿನೀರಿನ ಬಾವಿಯಿಂದ ಬರುತ್ತಿದ್ದ ಎರಡು ಕೊಡ ಕುಡಿಯಲು ಮತ್ತು ಅಡುಗೆಗೆ, ಹಿತ್ತಲ ಬಾವಿಯ ಸವುಳು ನೀರು ಮೀಯಲು ಮತ್ತು ತೊಳೆಯಲು, ಬಚ್ಚಲಿನಿಂದ ಹರಿದದ್ದು ಬಾಳೆಯ ಬುಡಕ್ಕೆ. ಒಮ್ಮೆ ಆಟ ಮುಗಿಸಿ ಬಂದು ಸಿಹಿನೀರಿನ ಕೊಡದಿಂದ ಕಾಲು ತೊಳೆದ ನನಗೆ ಅಜ್ಜಿ ಅಂದು ರಾತ್ರಿಯ ಮಜ್ಜಿಗೆ ಕೊಡಲಿಲ್ಲ. ಒಂದೇ ಕೊಳವೆ, ಒಂದೇ ನಲ್ಲಿ ಬಂದ ಮೇಲೆ ಆ ಮೂರು ನೀರೂ ಒಂದಾದವು. ಅನುಕೂಲವಾಯಿತು, ನಿಜ, ಆದರೆ ನೀರಿನ ಮರ್ಯಾದೆ ಹೋಯಿತು.

ಇದು ಅಮೆರಿಕನ್ನರ ದೋಷವೆಂದು ನಗುವ ಹಕ್ಕು ನಮಗಿಲ್ಲ. ಬೆಂಗಳೂರಿಗೆ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ ಪಂಪ್ ಮಾಡಿ ತರುತ್ತಾರೆ. ಅದೇ ನೀರಿನಲ್ಲಿ ವಾಹನ ತೊಳೆಯಬಾರದು, ಕೈತೋಟಕ್ಕೆ ಬಿಡಬಾರದು, ತಪ್ಪಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಬೇಕಾಗಿ ಬಂದದ್ದು 2024ರ ಮಾರ್ಚ್‌ನಲ್ಲಿ, ಕೊಳವೆಬಾವಿಗಳು ಬತ್ತಿದ ಮೇಲೆ. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಗುಣಮಟ್ಟದ ಬಗ್ಗೆ ಕೋಲಾರದವರ ತಕರಾರು ತಳ್ಳಿಹಾಕುವಂಥದ್ದಲ್ಲವಾದರೂ, ಅದೇ ಬೆಂಗಳೂರಿನ ಬಂಗಲೆಯ ಹುಲ್ಲಿಗೆ ಕಾವೇರಿಯೇ ಆಗಬೇಕೆಂಬ ಹಟ ನನಗೆ ಅರ್ಥವಾಗಿಲ್ಲ.

ನಮ್ಮ ಅಧಿಕಾರಿಗಳನ್ನು ಬೈಯುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. 2021ರ ಏಪ್ರಿಲ್ 22ರಿಂದ ಕೈಗಾರಿಕೆಗಳಿಗೆ ಆಮ್ಲಜನಕ ನಿಲ್ಲಿಸಿದಾಗ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟ ಒಂಬತ್ತು ಬಗೆಗಳಲ್ಲಿ ನೀರಿನ ಶುದ್ಧೀಕರಣವೂ ತ್ಯಾಜ್ಯ ನೀರಿನ ಘಟಕಗಳೂ ಇದ್ದವು. ದೇಶವೇ ಸಿಲಿಂಡರಿಗೆ ಸರತಿ ನಿಂತಿದ್ದ ಆ ವಾರದಲ್ಲಿ, ನಲ್ಲಿಗೂ ಆಮ್ಲಜನಕ ಬೇಕಾಗಬಹುದೆಂಬುದು ದೆಹಲಿಯ ಯಾವುದೋ ಮೇಜಿನ ಮುಂದೆ ಕುಳಿತವರಿಗೆ ಹೊಳೆದಿತ್ತು.

ತಮ್ಮ ಗುಲಾಬಿಗಳ ಮೇಲೆ ನನಗೆ ಹಗೆಯಿಲ್ಲ. ಅಕ್ಕಿ ತೊಳೆದ ನೀರು ಅವಕ್ಕೆ ಒಗ್ಗುತ್ತದೆ, ನನ್ನ ಮನೆಯ ಮೂರು ಕುಂಡಗಳು ಅದರಲ್ಲೇ ಬದುಕಿವೆ. ಮಗಳಿಗೆ ಬರೆಯುವಾಗ, ಅವಳ ಬೀದಿಗೆ ಆ ಮರುಬಳಕೆ ನೀರಿನ ಕೊಳವೆ ಬಂದಿದೆಯೇ ಎಂದು ವಿಚಾರಿಸಿ ನನಗೂ ತಿಳಿಸಿ.